ಬಾಣಲೆಯಲ್ಲಿ ನೀರು ನಿಲ್ಲುವುದೇಕೆ? ಮನೆಯಲ್ಲಿ ಚೀನೀ ಶೈಲಿಯ ಕೋಳಿ–ತರಕಾರಿ ಸ್ಟರ್ ಫ್ರೈ

ಪ್ರಶ್ನೆ: ಮನೆಯಲ್ಲಿ ನಾವು ಐದು ಜನ. ಭಾನುವಾರ ಚೀನೀ ಶೈಲಿಯಲ್ಲಿ ಕೋಳಿ ಮತ್ತು ತರಕಾರಿ ಸ್ಟರ್ ಫ್ರೈ (ಜೋರು ಉರಿಯಲ್ಲಿ ಬೇಗ ಹುರಿದು ಇಳಿಸುವ ಅಡುಗೆ) ಮಾಡುತ್ತೇನೆ. ಬೆಳಿಗ್ಗೆ ಅಂಗಡಿಯಲ್ಲಿ ಎದುರಿಗೇ ಕೊಯ್ಯಿಸಿ ಅರ್ಧ ಕಿಲೋ ಬೋನ್‌ಲೆಸ್ ಎದೆ ಮಾಂಸ ತಂದು, ಚೆನ್ನಾಗಿ ತೊಳೆದು, ಸೋಯಾ ಸಾಸ್, ಎರಡು ಚಮಚ ವಿನೆಗರ್, ಕಾರ್ನ್‌ಫ್ಲೋರ್ ಕಲಸಿ ಎರಡು ಮೂರು ಗಂಟೆ ಇಡುತ್ತೇನೆ. ನಾನ್‌ಸ್ಟಿಕ್ ಬಾಣಲೆಯಲ್ಲಿ ದೊಡ್ಡ ಉರಿಯಲ್ಲೇ ಹುರಿಯುತ್ತೇನೆ. ಆದರೂ ಎರಡು ನಿಮಿಷಕ್ಕೆ ಬಾಣಲೆ ತುಂಬ ನೀರು ನಿಲ್ಲುತ್ತದೆ. ಕೋಳಿ ರಬ್ಬರಿನ ಹಾಗೆ, ದೊಣ್ಣೆ ಮೆಣಸಿನಕಾಯಿ ಮೆತ್ತಗೆ. ನೀರು ಇಂಗಿಸಲು ಕಾರ್ನ್‌ಫ್ಲೋರ್ ಹಾಕಿದರೆ ಗಂಟುಗಂಟಾದ ಗೊಜ್ಜು, ಮೇಲಿಂದ ಉಪ್ಪುಪ್ಪು. ಹೋಟೆಲಿನ ಒಲೆ ಇಲ್ಲದೆ ಇದು ಆಗುವುದೇ ಇಲ್ಲ ಎಂದು ನನ್ನ ಅಣ್ಣ ಹೇಳುತ್ತಾರೆ. ಅಜಿನೊಮೊಟೊ, ಅಡುಗೆ ಸೋಡ ಹಾಕಿದರೆ ಸರಿಹೋಗುತ್ತದೆ ಎಂದು ಒಬ್ಬರು, ಅವೆರಡೂ ಮಕ್ಕಳಿಗೆ ವಿಷ ಎಂದು ಇನ್ನೊಬ್ಬರು. ಬೇಗ ಇಳಿಸಿದರೆ ಕೋಳಿ ಹಸಿ ಉಳಿದೀತು ಎಂಬ ಭಯವೂ ಇದೆ. ಯಾವುದನ್ನು ನಂಬಲಿ? ಇದನ್ನು ಮಗಳ ಶಾಲೆಯ ಡಬ್ಬಿಗೆ ಕಟ್ಟಬಹುದೇ?
— ದಾವಣಗೆರೆಯಿಂದ ಒಬ್ಬ ಓದುಗರು

ಉತ್ತರ: ನೀವು ಬೇರೆ ಬೇರೆಯಾಗಿ ಹೇಳಿದ ದೂರುಗಳೆಲ್ಲ ಬಹುಪಾಲು ಒಂದೇ ಕಡೆಯಿಂದ ಬರುತ್ತಿವೆ. ನೀರು ಬಿಟ್ಟುಕೊಂಡದ್ದರಿಂದ ಕೋಳಿ ಹುರಿಯುವ ಬದಲು ಬೆಂದಿತು. ಆ ನೀರು ಇಂಗಲಿ ಎಂದು ಹೆಚ್ಚು ಹೊತ್ತು ಇಟ್ಟಿದ್ದಕ್ಕೆ ರಬ್ಬರಾಯಿತು, ತರಕಾರಿಯೂ ಸೋತಿತು. ನೀರು ಗಟ್ಟಿಯಾಗಲಿ ಎಂದು ಹಾಕಿದ ಹಿಟ್ಟು ಗಂಟುಕಟ್ಟಿತು. ಸಾಸಿನ ಉಪ್ಪು ಅಲ್ಲೇ ಉಳಿದು ನೀರು ಆರುತ್ತಾ ಬಂದಂತೆ ರುಚಿ ಉಪ್ಪುಪ್ಪಾಯಿತು. ಹಾಗಾಗಿ ನೀರಿನ ಲೆಕ್ಕ ಸರಿಯಾದರೆ ಉಳಿದದ್ದು ಮುಕ್ಕಾಲು ಪಾಲು ತಾನೇ ಸರಿಹೋಗುತ್ತದೆ.

ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಕ್ಯಾಂಟನೀಸ್ ಹೋಟೆಲುಗಳಲ್ಲಿ ವಾಕ್ (ಚೀನೀ ಬಾಣಲೆ) ಇಡುವ ಬರ್ನರ್ 30 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚು ಶಾಖ ಕೊಡುತ್ತದೆ. ನಮ್ಮ ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಕೊಡುವುದು ಎರಡು, ಎರಡೂವರೆ ಕಿಲೋವ್ಯಾಟ್. ಅದರಲ್ಲೂ ಬಾಣಲೆಯ ಸುತ್ತ ಹೊರಗೆ ಹೋಗುವ ಉರಿ ಕಳೆದರೆ ಪಾತ್ರೆಗೆ ಸೇರುವುದು ಒಂದು ಕಿಲೋವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಕ್ಯಾಂಟನೀಸರು 'ವಾಕ್ ಹೇ' ಎನ್ನುವ ಆ ಹೊಗೆಯ ಘಮ ಎಣ್ಣೆಯ ಹನಿಗಳು ಜ್ವಾಲೆಗೆ ಸೋಕಿ ಬರುವಂಥದ್ದು. ಅದು ಮನೆಯ ಒಲೆಯಲ್ಲಿ ಪೂರ್ತಿ ಬರುವುದಿಲ್ಲ, ಬರುತ್ತದೆ ಎಂದು ನಿಮಗೆ ಆಸೆ ಹುಟ್ಟಿಸುವುದೂ ಸರಿಯಲ್ಲ. ಆದರೆ ಗ್ವಾಂಗ್‌ಝೌ, ಹಾಂಕಾಂಗ್‌ಗಳ ಮನೆಗಳಲ್ಲೂ ಹೋಟೆಲಿನ ಒಲೆ ಇರುವುದಿಲ್ಲ. ಅಲ್ಲಿನ ಮನೆಯವರು ದಿನವೂ ಸ್ಟರ್ ಫ್ರೈ ಮಾಡುತ್ತಾರೆ, ಮಾಂಸ ಮೆತ್ತಗೂ ತರಕಾರಿ ಕರುಮ್ ಎನ್ನುವಂತೆಯೂ ಇರುತ್ತದೆ. ಅವರು ಒಲೆಗೆ ತಕ್ಕಂತೆ ಅಳತೆ ಇಳಿಸಿಕೊಂಡಿದ್ದಾರೆ.

ನಿಮ್ಮ ಬಾಣಲೆಯನ್ನೇ ತೆಗೆದುಕೊಳ್ಳಿ. ಅರ್ಧ ಕಿಲೋ ಎದೆ ಮಾಂಸ ಬೇಯುವಾಗ ಸುಲಭವಾಗಿ 100 ಮಿ.ಲೀ. ನೀರು ಬಿಡುತ್ತದೆ. ಕುದಿಯುವ 100 ಮಿ.ಲೀ. ನೀರನ್ನು ಪೂರ್ತಿ ಹಬೆ ಮಾಡಲು ಸುಮಾರು 226 ಕಿಲೋಜೂಲ್ ಶಾಖ ಬೇಕು. ನಿಮ್ಮ ಒಲೆಗೆ ಅದು ಮೂರೂವರೆ ನಿಮಿಷದ ಕೆಲಸ. ಅಷ್ಟೂ ಹೊತ್ತು ಬಾಣಲೆಯ ತಳ 100 ಡಿಗ್ರಿಯ ಆಸುಪಾಸಿನಲ್ಲೇ ಕುಳಿತಿರುತ್ತದೆ. ಮಾಂಸ ಕೆಂಪಗಾಗಿ ಘಮ ಬರಲು 140 ಡಿಗ್ರಿ ದಾಟಬೇಕು. ಈ ನಡುವೆ ಮಾಂಸದ ಎಳೆಗಳು 65–70 ಡಿಗ್ರಿ ದಾಟಿದಂತೆಲ್ಲ ಬಿಗಿದುಕೊಂಡು ಇನ್ನಷ್ಟು ನೀರು ಹಿಂಡುತ್ತವೆ. ಅಂದರೆ ನೀವು ಆರಿಸುತ್ತಿರುವಷ್ಟೇ ವೇಗದಲ್ಲಿ ಅದು ಮತ್ತೆ ತುಂಬುತ್ತಿರುತ್ತದೆ. ಇದರ ಮೇಲೆ ಎಲೆಕೋಸು, ದೊಣ್ಣೆ ಮೆಣಸಿನಕಾಯಿ, ಅಣಬೆ ಬಿದ್ದರೆ ಕೇಳುವುದೇ ಬೇಡ, ಅವುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ.

ಹಾಗಾಗಿ ಮೊದಲ ಬದಲಾವಣೆ ಇದು: ಒಂದು ಸಲಕ್ಕೆ 250 ಗ್ರಾಂಗಿಂತ ಹೆಚ್ಚು ಕೋಳಿ ಬಾಣಲೆಗೆ ಹಾಕಬೇಡಿ. ಐದು ಜನಕ್ಕೆ ಬೇಕಾದರೆ ಎರಡು ಕಂತಿನಲ್ಲಿ ಹುರಿಯಿರಿ. ತರಕಾರಿಯನ್ನು ಬೇರೆಯಾಗಿ ಹುರಿದು ಕೊನೆಯಲ್ಲಿ ಒಟ್ಟುಗೂಡಿಸಿ. ಕೆಲಸ ಹೆಚ್ಚಾದಂತೆ ಕಾಣುತ್ತದೆ, ಆದರೆ ಒಂದೊಂದು ಕಂತಿಗೆ ಎರಡು ನಿಮಿಷವಷ್ಟೇ ಹಿಡಿಯುವುದರಿಂದ ಒಟ್ಟು ಸಮಯ ನೀವೀಗ ನೀರು ಇಂಗಿಸುವುದಕ್ಕೆ ಕಳೆಯುವುದಕ್ಕಿಂತ ಕಡಿಮೆಯೇ ಆಗುತ್ತದೆ.

ಕೋಳಿ ತರುವ ಹೊತ್ತು, ಕೊಯ್ಯುವ ದಿಕ್ಕು

ಎದುರಿಗೆ ಕೊಯ್ಯಿಸಿ ತಂದದ್ದೇ ತಾಜಾ, ತಾಜಾ ಆದದ್ದೇ ಮೆತ್ತಗೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕೋಳಿಯ ಎದೆ ಮಾಂಸದ ಮಟ್ಟಿಗೆ ಇದು ತಿರುವುಮುರುವು. ಕೊಯ್ದ ಮೇಲೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಆ ಸೆಟೆತ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಅದಕ್ಕೂ ಮುಂಚೆ ಎದೆ ಮಾಂಸವನ್ನು ಮೂಳೆಯಿಂದ ಬಿಡಿಸಿದರೆ ಹಿಡಿದುಕೊಳ್ಳಲು ಏನೂ ಇಲ್ಲದೆ ಎಳೆಗಳು ಕುಗ್ಗಿ ಗಟ್ಟಿಯಾಗುತ್ತವೆ. ಆಮೇಲೆ ಏನು ಹಚ್ಚಿದರೂ ಪೂರ್ತಿ ಸರಿಹೋಗುವುದಿಲ್ಲ. ನೀವು ಬೆಳಿಗ್ಗೆ ಕೊಯ್ಯಿಸಿ, ಅಲ್ಲೇ ಬೋನ್‌ಲೆಸ್ ಮಾಡಿಸಿ, ಮಧ್ಯಾಹ್ನ ಹುರಿಯುತ್ತಿದ್ದೀರಿ. ರಬ್ಬರಿಗೆ ಒಂದು ಕಾರಣ ಇದೇ. ಹಿಂದಿನ ಸಂಜೆ ಮೂಳೆ ಸಮೇತ ಎದೆ ಭಾಗ ತಂದು, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನ ಅತಿ ತಂಪಾದ ಭಾಗದಲ್ಲಿಟ್ಟು, ಮರುದಿನ ಮನೆಯಲ್ಲೇ ಮೂಳೆ ಬಿಡಿಸಿ. ಚೂಪಾದ ಚಾಕು ಇದ್ದರೆ ಐದು ನಿಮಿಷದ ಕೆಲಸ, ಮೂಳೆ ಸಾರಿಗಾಗುತ್ತದೆ. ತಂಪಾಗಿಟ್ಟು ಮಾರುವ ಪ್ಯಾಕೆಟ್ ಕೋಳಿಯಾದರೆ ಈ ಕಾಯುವಿಕೆ ಸಾಮಾನ್ಯವಾಗಿ ಮುಗಿದಿರುತ್ತದೆ.

ನನ್ನನ್ನು ಕೇಳಿದರೆ ಎದೆಗಿಂತ ತೊಡೆಯೇ ಈ ಅಡುಗೆಗೆ ಒಳ್ಳೆಯದು. ಅದರಲ್ಲಿ ಕೊಬ್ಬೂ ಅಂಟುಜಾಲವೂ ಇರುವುದರಿಂದ ಅರ್ಧ ನಿಮಿಷ ಹೆಚ್ಚು ಬೆಂದರೂ ಒಣಗುವುದಿಲ್ಲ. ಕೈ ಪಳಗುವ ತನಕವಾದರೂ 'ಲೆಗ್ ಬೋನ್‌ಲೆಸ್' ಕೇಳಿ ತನ್ನಿ.

ಕೊಯ್ಯುವಾಗ ಎಳೆಯ ದಿಕ್ಕು ನೋಡಿ. ಎದೆಯ ತುಂಡನ್ನು ಬೆಳಕಿಗೆ ಹಿಡಿದರೆ ಸಣ್ಣ ಗೆರೆಗಳು ಒಂದು ದಿಕ್ಕಿಗೆ ಓಡುವುದು ಕಾಣುತ್ತದೆ. ಚಾಕು ಆ ಗೆರೆಗಳಿಗೆ ಅಡ್ಡಲಾಗಿ ಹೋಗಬೇಕು. ಗೆರೆಯ ಉದ್ದಕ್ಕೇ ಕೊಯ್ದರೆ ಒಂದೊಂದು ತುಂಡಿನಲ್ಲೂ ಉದ್ದನೆಯ ಎಳೆ ಉಳಿದು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ದಪ್ಪ 4–5 ಮಿ.ಮೀ. ಸಾಕು, ಉದ್ದ ಎರಡು ಬೆರಳಗಲ. ಮಾಂಸ ಜಾರಿ ಕೊಯ್ಯಲಾಗದಿದ್ದರೆ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ, ಮೇಲ್ಮೈ ಬಿಗಿಯಾಗಿ ಚಾಕು ನೇರ ಇಳಿಯುತ್ತದೆ. ದಪ್ಪ ಒಂದೇ ಸಮ ಇರುವುದು ಅಂದಕ್ಕಲ್ಲ. ಒಂದು ತುಂಡು 4 ಮಿ.ಮೀ., ಇನ್ನೊಂದು ಒಂದೂವರೆ ಸೆಂ.ಮೀ. ಇದ್ದರೆ ಒಂದು ಹಸಿ ಉಳಿದಾಗ ಇನ್ನೊಂದು ನಾರಾಗಿರುತ್ತದೆ. ನಿಮ್ಮ 'ಹಸಿ ಉಳಿದೀತು' ಭಯ ಶುರುವಾಗುವುದೂ ಇಲ್ಲಿಂದಲೇ.

ತೊಳೆಯುವ ಬಗ್ಗೆ ಒಂದು ಮಾತು. ಹಸಿ ಕೋಳಿಯ ಮೇಲಿನ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುಗಳು ನೀರಿಗೆ ಹೋಗುವುದಿಲ್ಲ, ಶಾಖಕ್ಕೆ ಸಾಯುತ್ತವೆ. ನಲ್ಲಿಯ ಕೆಳಗೆ ಹಿಡಿದಾಗ ಹನಿ ಸಿಡಿದು ಪಕ್ಕದ ಕೊತ್ತಂಬರಿ ಸೊಪ್ಪಿನ ಮೇಲೋ ತಟ್ಟೆಯ ಮೇಲೋ ಕೂರುತ್ತವೆ. ರಕ್ತ, ಪುಕ್ಕ ಇರುವ ಅಂಗಡಿ ಕೋಳಿಯನ್ನು ತೊಳೆಯದೆ ಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ, ಗೊತ್ತು. ಹಾಗಿದ್ದರೆ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಇಡೀ ತುಂಡನ್ನು ಅದರೊಳಗೇ ಮುಳುಗಿಸಿ ತೊಳೆದು, ನೀರನ್ನು ಮೆಲ್ಲಗೆ ಚೆಲ್ಲಿ, ಸಿಂಕ್, ಹಲಗೆ, ಕೈಗಳನ್ನು ಸೋಪಿನಿಂದ ತೊಳೆಯಿರಿ. ಬಟ್ಟೆ ಅಥವಾ ಪೇಪರ್‌ನಲ್ಲಿ ಒತ್ತಿ ಒರೆಸಿದ ಮೇಲೆಯೇ ಹೋಳು ಮಾಡಿ. ತೊಳೆದು ಒದ್ದೆಯಾಗಿಯೇ ಕಲಸಿದ ಮಾಂಸದಲ್ಲಿ ಎರಡು ಮೂರು ಚಮಚ ನೀರು ಲೆಕ್ಕಕ್ಕೆ ಸಿಗದೆ ಬಾಣಲೆಗೆ ಹೋಗುತ್ತದೆ.

ವಿನೆಗರ್ ಮಾಡುವ ಕೆಡುಕು, ಸೋಡ ಮಾಡುವ ಉಪಕಾರ

ಮೊಸರು, ನಿಂಬೆ ಹಚ್ಚಿ ಕೋಳಿ ನೆನೆಸುವ ಅಭ್ಯಾಸ ನಮಗಿರುವುದರಿಂದ ವಿನೆಗರ್ ಹಚ್ಚಿದರೂ ಮೆತ್ತಗಾಗುತ್ತದೆ ಎಂದು ಅನಿಸುವುದು ಸಹಜ. ಕೋಳಿ ಮಾಂಸದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸಾಧಾರಣವಾಗಿ 6ರ ಆಸುಪಾಸು. ಅದು 5.2ರ ಹತ್ತಿರ ಇಳಿದಾಗ ಮಾಂಸದ ಪ್ರೋಟೀನಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಅತಿ ಕಡಿಮೆ. ಅರ್ಧ ಕಿಲೋಗೆ ಎರಡು ಚಮಚ ವಿನೆಗರ್ ಹಾಕಿದಾಗ ಮಾಂಸದ ಹೊರಪದರ ಸರಿಯಾಗಿ ಆ ಕೆಟ್ಟ ಜಾಗದತ್ತ ಜಾರುತ್ತದೆ. ಬಟ್ಟಲಿನಲ್ಲೇ ಬೆಳ್ಳಗೆ ಸುಣ್ಣ ಬಳಿದಂತಾಗುವುದನ್ನು ನೀವೂ ಗಮನಿಸಿರಬಹುದು. ತಂದೂರಿಯಂಥ ಅಡುಗೆಗೆ ಹೊಂದುವ ಕ್ರಮ ತೆಳು ಹೋಳಿನ ಸ್ಟರ್ ಫ್ರೈಗೆ ಹೊಂದುವುದಿಲ್ಲ. ಹುಳಿ ಬೇಕೆಂದರೆ ಇಳಿಸುವ ಮುಂಚೆ ಅರ್ಧ ಟೀ ಚಮಚ ವಿನೆಗರನ್ನು ಬಾಣಲೆಯ ಅಂಚಿನಿಂದ ಬಿಡಿ.

ಅಡುಗೆ ಸೋಡ ಇದರ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಪಿಎಚ್ ಮೇಲೇರಿದಾಗ ಪ್ರೋಟೀನುಗಳು ಒಂದನ್ನೊಂದು ದೂರ ತಳ್ಳುತ್ತವೆ, ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ, ನಡುವೆ ನೀರು ಉಳಿಯುತ್ತದೆ. ಚೀನೀ ಹೋಟೆಲಿನ ಕೋಳಿ ರೇಷ್ಮೆಯಂತಿರುವುದಕ್ಕೆ ಹಲವು ಸಲ ಇದೂ ಕಾರಣ. 250 ಗ್ರಾಂ ಎದೆ ಹೋಳಿಗೆ ಕಾಲು ಟೀ ಚಮಚ (ಮಟ್ಟಸ) ಅಡುಗೆ ಸೋಡವನ್ನು ಒಂದು ಟೇಬಲ್ ಚಮಚ ನೀರಿನಲ್ಲಿ ಕರಗಿಸಿ ಕಲಸಿ. 15 ನಿಮಿಷ ಸಾಕು, 20 ದಾಟಬೇಡಿ. ಆಮೇಲೆ ಪಾತ್ರೆಯ ನೀರಿನಲ್ಲಿ ಎರಡು ಸಲ ತೊಳೆದು, ಜರಡಿಯಲ್ಲಿ ಸೋಸಿ, ಅಂಗೈಯಲ್ಲಿ ಒತ್ತಿ ನೀರು ತೆಗೆಯಿರಿ. ಸೋಡ ಹೆಚ್ಚಾದರೆ ಅಥವಾ ತೊಳೆಯದಿದ್ದರೆ ಸೋಪಿನ ರುಚಿ ಬರುತ್ತದೆ, ಮಾಂಸ ಜೆಲ್ಲಿಯಂತೆ ಜಾರುತ್ತದೆ. ಬೇಕಿಂಗ್ ಪೌಡರ್ ಹಾಕಬೇಡಿ, ಅದರಲ್ಲಿ ಹುಳಿಯ ಪುಡಿಯೂ ಸೇರಿರುತ್ತದೆ.

ಇದು ವಿಷವೇ? ಕಾಲು ಟೀ ಚಮಚ ಸೋಡದಲ್ಲಿ ಸುಮಾರು 300 ಮಿಲಿಗ್ರಾಂ ಸೋಡಿಯಂ ಇದೆ, ತೊಳೆದಾಗ ಅದರಲ್ಲಿ ಬಹಳಷ್ಟು ಹೋಗುತ್ತದೆ. ಇಡ್ಲಿ, ಬೋಂಡಕ್ಕೆ ಹಾಕುವ ಅದೇ ಸೋಡ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆಗೆ ವೈದ್ಯರು ಸೋಡಿಯಂ ಮಿತಿ ಹೇಳಿರುವವರು ಇದನ್ನೂ ಸಾಸಿನ ಉಪ್ಪನ್ನೂ ಒಟ್ಟಿಗೆ ಲೆಕ್ಕ ಹಾಕಲಿ. ಉಳಿದವರಿಗೆ ಆತಂಕ ಬೇಡ. ತೊಡೆ ಮಾಂಸವಾದರೆ ಸೋಡವೇ ಬೇಡ.

ಆಮೇಲೆ ಕಲಸುವುದು. 250 ಗ್ರಾಂಗೆ ಲೈಟ್ ಸೋಯಾ ಸಾಸ್ ಒಂದು ಟೀ ಚಮಚ, ನೀರು ಒಂದು ಟೇಬಲ್ ಚಮಚ. ನೀರು ಬಾಣಲೆಗೆ ಬೇಡ ಎಂದವರೇ ಇಲ್ಲಿ ನೀರು ಹಾಕಿಸುತ್ತಾರಲ್ಲ ಎನ್ನಬೇಡಿ. ಬೆರಳಲ್ಲಿ ಒಂದೇ ದಿಕ್ಕಿಗೆ ಒಂದು ನಿಮಿಷ ತಿರುವಿದರೆ ಮಾಂಸ ಆ ನೀರನ್ನು ಕುಡಿದು ಬಟ್ಟಲಿನ ತಳ ಒಣಗುತ್ತದೆ, ಹೋಳು ಬೆರಳಿಗೆ ಅಂಟಂಟಾಗುತ್ತದೆ. ತಳದಲ್ಲಿ ನೀರು ಕಾಣುತ್ತಿದ್ದರೆ ಇನ್ನೂ ತಿರುವಿ. ಆಗ ಎರಡು ಟೀ ಚಮಚ ಕಾರ್ನ್‌ಫ್ಲೋರ್, ಅದು ಮಾಯವಾದ ಮೇಲೆ ಒಂದು ಟೀ ಚಮಚ ಎಣ್ಣೆ. ಹಿಟ್ಟು ಬಾಣಲೆಯಲ್ಲಿ ತೆಳುವಾದ ಪೊರೆಯಾಗಿ ಒಳಗಿನ ರಸ ಹಿಡಿಯುತ್ತದೆ, ಎಣ್ಣೆಯಿಂದ ಹೋಳುಗಳು ಒಂದಕ್ಕೊಂದು ಅಂಟುವುದಿಲ್ಲ. ಅಂಗಡಿಯಲ್ಲಿ ಬೆಳ್ಳಗೆ, ಬೆರಳಿಗೆ ಕಿರ್ ಎನ್ನುವ ಪಿಷ್ಟವನ್ನೇ ಕೊಳ್ಳಿ, ಹಳದಿ ಮೆಕ್ಕೆಜೋಳದ ಹಿಟ್ಟು ಈ ಕೆಲಸಕ್ಕೆ ಬಾರದು. ಹದಿನೈದು ಇಪ್ಪತ್ತು ನಿಮಿಷ ನೆಂದರೆ ಸಾಕು. ಎರಡು ಮೂರು ಗಂಟೆ ಸೋಯಾ ಸಾಸಿನಲ್ಲಿ ಬಿಟ್ಟರೆ ಉಪ್ಪು ಹೀರಿ ಮಾಂಸ ಬಿಗಿಯುತ್ತದೆ. ಹೊರಗೆ ಇಟ್ಟಿದ್ದರೆ ಅದು ಇನ್ನೊಂದು ಅಪಾಯ.

ಅಜಿನೊಮೊಟೊ

1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಅದರ ರುಚಿಗೆ ಕಾರಣವಾದ ಗ್ಲುಟಮೇಟ್ ಎಂಬ ಅಂಶವನ್ನು ಬೇರ್ಪಡಿಸಿದರು, ಮರುವರ್ಷ ಅದು ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಭಯ ಹುಟ್ಟಿದ್ದು ಬಹಳ ತಡವಾಗಿ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಒಬ್ಬ ವೈದ್ಯರು, ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆ ಜೋಮು ಹಿಡಿಯುತ್ತದೆ ಎಂದು ಪತ್ರ ಬರೆದರು. ವೈನ್, ಉಪ್ಪು, ಅಜಿನೊಮೊಟೊ ಯಾವುದಾದರೂ ಕಾರಣವಿರಬಹುದೇ ಎಂಬುದು ಅವರ ಪ್ರಶ್ನೆಯಷ್ಟೇ. ಉಳಿದದ್ದನ್ನೆಲ್ಲ ಮರೆತು ಜನ ಅಜಿನೊಮೊಟೊ ಒಂದನ್ನೇ ಹಿಡಿದರು. ತಿನ್ನುವವರಿಗೂ ಕೊಡುವವರಿಗೂ ಯಾವುದು ಏನೆಂದು ತಿಳಿಸದೆ ಮಾಡಿದ ಪರೀಕ್ಷೆಗಳಲ್ಲಿ, ಊಟದ ಜೊತೆ ಸೇವಿಸಿದಾಗ ಅಂಥ ತೊಂದರೆ ಮತ್ತೆ ಮತ್ತೆ ಒಂದೇ ರೀತಿ ಕಾಣಿಸಲಿಲ್ಲ. ಖಾಲಿ ಹೊಟ್ಟೆಯಲ್ಲಿ, ಊಟವಿಲ್ಲದೆ, ಒಂದೇ ಸಲ 3 ಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಜೋಮು ಬಂದದ್ದುಂಟು. ನಿಮ್ಮ ಬಾಣಲೆಗೆ ಬೇಕಾಗುವುದು ಇಡೀ ಮನೆಗೆ ಒಂದು ಚಿಟಿಕೆ, ಹೆಚ್ಚೆಂದರೆ ಅರ್ಧ ಗ್ರಾಂ.

ಆದರೂ ನಾನು ಹೇಳುವುದು, ನಿಮಗೆ ಅದರ ಅಗತ್ಯವೇ ಇಲ್ಲ. ಸೋಯಾ ಸಾಸಿನಲ್ಲೂ ಆಯ್ಸ್ಟರ್ ಸಾಸಿನಲ್ಲೂ ಗ್ಲುಟಮೇಟ್ ಆಗಲೇ ಇದೆ, ಟೊಮೆಟೊ, ಅಣಬೆಯಲ್ಲೂ ಇದೆ. ಅಜಿನೊಮೊಟೊ ರುಚಿ ಎತ್ತುತ್ತದೆ ಹೊರತು ನೀರು ಆರಿಸುವುದಿಲ್ಲ, ಮಾಂಸ ಮೆತ್ತಗೆ ಮಾಡುವುದಿಲ್ಲ. ನಿಮ್ಮ ತೊಂದರೆಗೆ ಅದು ಮದ್ದಲ್ಲ. ಎಳೆಗೂಸುಗಳ ಆಹಾರಕ್ಕೆ ಮಾತ್ರ ಅದನ್ನೂ ಸೇರಿಸಬೇಡಿ, ಉಪ್ಪಿನ ಸಾಸುಗಳನ್ನೂ ಸೇರಿಸಬೇಡಿ.

ಬಾಣಲೆ, ಎಣ್ಣೆ

ನಾನ್‌ಸ್ಟಿಕ್ ಬಾಣಲೆಯನ್ನು ಈ ಅಡುಗೆಗೆ ಬಳಸಬೇಡಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಆ ಲೇಪ 260 ಡಿಗ್ರಿ ದಾಟಿದರೆ ಹಾಳಾಗತೊಡಗುತ್ತದೆ, ಇನ್ನೂ ಮೇಲೆ ಹೋದರೆ ಕೆಟ್ಟ ಹೊಗೆ ಬಿಡುತ್ತದೆ. ಖಾಲಿ ಬಾಣಲೆ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಕ್ಕೆ ಅಲ್ಲಿಗೆ ಮುಟ್ಟುತ್ತದೆ. ಗಿಳಿ, ಲವ್ ಬರ್ಡ್ಸ್ ಸಾಕಿದ ಮನೆಯಲ್ಲಂತೂ ಆ ಹೊಗೆಗೆ ಹಕ್ಕಿ ಸತ್ತೇ ಹೋಗಬಹುದು. ಬೇರೆ ಪಾತ್ರೆ ಇಲ್ಲದಿದ್ದರೆ ಎಣ್ಣೆ ಹಾಕಿಯೇ ಬಿಸಿ ಮಾಡಿ, ಮಧ್ಯಮ ಉರಿಗಿಂತ ಸ್ವಲ್ಪ ಮೇಲಿಡಿ, ಇನ್ನೂ ಚಿಕ್ಕ ಕಂತು ಮಾಡಿ. ಕೆಂಪು ಬಣ್ಣ ಅಷ್ಟು ಬರುವುದಿಲ್ಲ.

ನಮ್ಮ ಕಬ್ಬಿಣದ ಬಾಣಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ದಪ್ಪ ಕಬ್ಬಿಣ ಕಾಯಲು ಹೊತ್ತು ತೆಗೆದುಕೊಂಡರೂ ಕಾದ ಮೇಲೆ ಶಾಖ ಹಿಡಿದಿರುತ್ತದೆ, ದುರ್ಬಲ ಒಲೆಗೆ ಅದೇ ಬಲ. ದೋಸೆ ಕಾವಲಿ ಪಳಗಿಸುವ ಹಾಗೆ ಇದನ್ನೂ ಪಳಗಿಸಿ: ಒಣಗಿಸಿ ಕಾಯಿಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆಯಾಡಿದ ಮೇಲೆ ಆರಿಸಿ, ಮೂರು ನಾಲ್ಕು ಸಲ. ಟೊಮೆಟೊ, ವಿನೆಗರ್ ಹಾಕಿ ಅದರಲ್ಲಿ ಕುದಿಸಿದರೆ ಆ ಪದರ ಕಿತ್ತು ಕಬ್ಬಿಣದ ರುಚಿ ಬರುತ್ತದೆ. ಇಂಡಕ್ಷನ್ ಒಲೆಯವರಿಗೆ ಗುಂಡು ತಳದ ಬಾಣಲೆ ಆಗದು, ಚಪ್ಪಟೆ ತಳದ ಕಬ್ಬಿಣದ ಪಾತ್ರೆ ಬೇಕು. ಹಾಗೂ ಅದನ್ನು ಒಲೆಯಿಂದ ಎತ್ತಿ ಎತ್ತಿ ಕುಲುಕಬೇಡಿ, ಎತ್ತಿದ ಕ್ಷಣಕ್ಕೆ ಶಾಖ ನಿಲ್ಲುತ್ತದೆ.

ಎಣ್ಣೆಗೆ ರಿಫೈನ್ಡ್ ಕಡಲೆಕಾಯಿ ಎಣ್ಣೆ ಒಳ್ಳೆಯದು, ಬೇಗ ಹೊಗೆಯಾಡುವುದಿಲ್ಲ. ಚೀನೀ ಪಾಕದಲ್ಲಿ 'ಎಳ್ಳೆಣ್ಣೆ' ಎಂದು ಕಂಡರೆ ಅದು ಹುರಿದ ಎಳ್ಳಿನ ಕಂದು ಎಣ್ಣೆ, ಇಳಿಸಿದ ಮೇಲೆ ಘಮಕ್ಕೆ ಅರ್ಧ ಟೀ ಚಮಚ ಹಾಕುವಂಥದ್ದು. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಪರಿಮಳ ಇಲ್ಲ.

ಒಲೆ ಹಚ್ಚುವ ಮುಂಚೆ

ಸಾಸು ಬಟ್ಟಲಿನಲ್ಲೇ ತಯಾರಿರಲಿ. 250 ಗ್ರಾಂ ಕೋಳಿ, 250 ಗ್ರಾಂ ತರಕಾರಿಗೆ ಲೈಟ್ ಸೋಯಾ ಒಂದು ಟೇಬಲ್ ಚಮಚ, ಆಯ್ಸ್ಟರ್ ಸಾಸ್ ಒಂದು ಟೇಬಲ್ ಚಮಚ, ಬಣ್ಣಕ್ಕೆ ಡಾರ್ಕ್ ಸೋಯಾ ಅರ್ಧ ಟೀ ಚಮಚ, ಸಕ್ಕರೆ ಅರ್ಧ ಟೀ ಚಮಚ, ಬಿಳಿ ಮೆಣಸಿನ ಪುಡಿ ಕಾಲು ಟೀ ಚಮಚ, ನೀರು ಮೂರು ಟೇಬಲ್ ಚಮಚ, ಕಾರ್ನ್‌ಫ್ಲೋರ್ ಒಂದು ಟೀ ಚಮಚ. ಬೇರೆ ಉಪ್ಪು ಹಾಕಬೇಡಿ. ಒಂದು ಟೇಬಲ್ ಚಮಚ ಲೈಟ್ ಸೋಯಾದಲ್ಲೇ ಎರಡು ಗ್ರಾಂ ದಾಟುವಷ್ಟು ಉಪ್ಪಿದೆ. ನಿಮ್ಮದು ಉಪ್ಪಾಗುವುದಕ್ಕೆ ಬಹುಶಃ ಕಾರಣ, ಬಣ್ಣ ಬರಲಿ ಎಂದು ಒಂದೇ ಬಾಟಲಿಯ ಸೋಯಾ ಸುರಿಯುವುದು. ಬಣ್ಣದ ಕೆಲಸ ಡಾರ್ಕ್ ಸೋಯಾದ್ದು, ಉಪ್ಪು–ರುಚಿಯ ಕೆಲಸ ಲೈಟ್‌ನದ್ದು. ಆಯ್ಸ್ಟರ್ ಸಾಸ್ ಸಿಂಪಿಯ ಸತ್ವದಿಂದ ಮಾಡಿದ್ದು, ಚಿಪ್ಪುಮೀನಿನ ಅಲರ್ಜಿ ಇದ್ದವರು ಅಣಬೆಯಿಂದ ಮಾಡಿದ ಸಾಸ್ ಕೊಳ್ಳಲಿ.

ತರಕಾರಿಯಲ್ಲಿ ಮೂರೇ ಬಗೆ ಸಾಕು. ಹುರುಳಿಕಾಯಿ, ಕ್ಯಾರೆಟ್, ಬ್ರೊಕೊಲಿ ಗಟ್ಟಿ ಜಾತಿ, ಇವನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಅಗಲವಾಗಿ ಹರಡಿ ಆರಲು ಬಿಡಿ. ದೊಣ್ಣೆ ಮೆಣಸಿನಕಾಯಿ, ಈರುಳ್ಳಿ ಹಸಿಯೇ ಹೋಗಲಿ. ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿದರೆ ನೀರು ಬಿಡುತ್ತದೆ, ಎರಡು ಬೆರಳಗಲದ ಚೌಕ ಮಾಡಿ. ಅಣಬೆಯನ್ನು ಎಲ್ಲದರ ಜೊತೆ ಸೇರಿಸಬೇಡಿ, ಮೊದಲೇ ಬೇರೆ ಹುರಿದಿಟ್ಟುಕೊಳ್ಳಿ. ಹೆಚ್ಚುವ ಮುಂಚೆ ತೊಳೆದು ಒರೆಸಿರಬೇಕು. ಶುಂಠಿ–ಬೆಳ್ಳುಳ್ಳಿ ಪೇಸ್ಟ್ ಬೇಡ, ಅದರಲ್ಲಿ ನೀರಿರುತ್ತದೆ, ಕಬ್ಬಿಣಕ್ಕೆ ಮೆತ್ತಿಕೊಂಡು ಸೀಯುತ್ತದೆ. ನಾಲ್ಕು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಸಣ್ಣಗೆ ಕೊಚ್ಚಿ.

ಒಲೆಯ ಮುಂದೆ

ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಿ. ನೀರಿನ ಹನಿ ಚಿಮುಕಿಸಿದರೆ ಅಲ್ಲೇ ಚುಯ್ ಎಂದು ಆರುವುದಲ್ಲ, ಮಣಿಯಾಗಿ ಉರುಳಾಡಬೇಕು. ಆಗ ಎರಡು ಟೇಬಲ್ ಚಮಚ ಎಣ್ಣೆ ಹಾಕಿ ಬಾಣಲೆ ತಿರುಗಿಸಿ. ಕಾದ ಬಾಣಲೆಗೆ ತಣ್ಣನೆ ಎಣ್ಣೆ ಎಂಬುದು ಚೀನೀ ಅಡುಗೆಯವರ ಹಳೆಯ ನಿಯಮ, ಮಾಂಸ ತಳ ಹಿಡಿಯದಿರುವುದು ಇದರಿಂದಲೇ. ಕೋಳಿ ಹೋಳನ್ನು ಒಂದೇ ಪದರವಾಗಿ ಹರಡಿ, ಕೈ ಕಟ್ಟಿ 45 ಸೆಕೆಂಡ್ ನಿಲ್ಲಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಹಾಕಿದ ಕೂಡಲೇ ಕೆದಕಿದರೆ ಹಿಟ್ಟಿನ ಪೊರೆ ಕಿತ್ತು ತಳಕ್ಕೆ ಹತ್ತುತ್ತದೆ, ಬಾಣಲೆಯೂ ತಣ್ಣಗಾಗುತ್ತದೆ. ಕೆಳಭಾಗ ಹೊಂಬಣ್ಣಕ್ಕೆ ಬಂದಾಗ ಹೋಳು ತಾನೇ ಬಿಟ್ಟುಕೊಳ್ಳುತ್ತದೆ. ತಿರುವಿ, ಇನ್ನು 30–45 ಸೆಕೆಂಡ್ ಆಡಿಸಿ ತಟ್ಟೆಗೆ ತೆಗೆಯಿರಿ. ದಪ್ಪ ಹೋಳಿನ ನಡುವೆ ತುಸು ಗುಲಾಬಿ ಉಳಿದಿರಲಿ, ಅದು ಮತ್ತೆ ಒಲೆಗೆ ಬರಲಿದೆ. ಎರಡನೇ ಕಂತಿಗೆ ಮುಂಚೆ ಬಾಣಲೆ ಪುನಃ ಪೂರ್ತಿ ಕಾಯಬೇಕು.

ಈಗ ಒಂದು ಚಮಚ ಎಣ್ಣೆ, ಉರಿ ಮಧ್ಯಮಕ್ಕೆ ಇಳಿಸಿ ಶುಂಠಿ, ಬೆಳ್ಳುಳ್ಳಿ. ಹತ್ತು ಹದಿನೈದು ಸೆಕೆಂಡಿಗೆ ಘಮ ಬರುತ್ತದೆ, ಕಂದಾಗಲು ಬಿಟ್ಟರೆ ಕಹಿ. ಉರಿ ಏರಿಸಿ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಒಂದು ನಿಮಿಷ, ಬೇಯಿಸಿಟ್ಟ ಹುರುಳಿಕಾಯಿ, ಕ್ಯಾರೆಟ್ ಅರ್ಧ ನಿಮಿಷ. ಕೋಳಿಯನ್ನು, ತಟ್ಟೆಯಲ್ಲಿ ಇಳಿದ ರಸ ಸಮೇತ, ವಾಪಸ್ ಹಾಕಿ. ಸಾಸಿನ ಬಟ್ಟಲನ್ನು ತಳ ಸಮೇತ ಕಲಕಿ, ಏಕೆಂದರೆ ಹಿಟ್ಟು ಕೆಳಗೆ ಕುಳಿತಿರುತ್ತದೆ. ನಿಮ್ಮ ಗಂಟುಗಳು ಬಂದದ್ದು ಒಣ ಹಿಟ್ಟನ್ನು ಅಥವಾ ಕಲಕದ ಹಿಟ್ಟನ್ನು ಬಿಸಿ ನೀರಿನ ಮೇಲೆ ಸುರಿದದ್ದರಿಂದ: ಉಂಡೆಯ ಹೊರಗಡೆ ಕೂಡಲೇ ಬೆಂದು ಒಳಗೆ ಒಣ ಪುಡಿ ಸಿಕ್ಕಿಕೊಳ್ಳುತ್ತದೆ. ಅಂಚಿನ ಸುತ್ತ ಸುರಿದು 45 ಸೆಕೆಂಡಿನಿಂದ ಒಂದು ನಿಮಿಷ ತಿರುವಿ. ಬೆಳ್ಳಗಿದ್ದ ಸಾಸು ಕುದಿದು ಪಾರದರ್ಶಕವಾಗಿ ಹೋಳಿಗೆ ಅಂಟಿ ಮಿನುಗಿದಾಗ ಒಲೆ ಆರಿಸಿ. ತಟ್ಟೆಗೆ ಬಡಿಸಿದಾಗ ತಳದಲ್ಲಿ ಒಂದು ಚಮಚ ಸಾಸು ಇಳಿದಿದ್ದರೆ ಅದು ಸರಿಯಾದ ಹದ.

ಬೆಂದಿದೆಯೇ ಎಂದು ನೋಡಲು ಗಡಿಯಾರ ನಂಬಬೇಡಿ. ಅತಿ ದಪ್ಪ ಹೋಳನ್ನು ಸೀಳಿ. ಒಳಗೆ ಗಾಜಿನಂತೆ ಹೊಳೆಯುವ ಗುಲಾಬಿ ಇಲ್ಲದೆ ಪೂರ್ತಿ ಬೆಳ್ಳಗಿದ್ದು ರಸ ತಿಳಿಯಾಗಿದ್ದರೆ ಆಯಿತು. ಅಡುಗೆ ಥರ್ಮಾಮೀಟರ್ ಇದ್ದರೆ 74 ಡಿಗ್ರಿ. 5 ಮಿ.ಮೀ. ಹೋಳು ಒಟ್ಟು ಎರಡೂವರೆ ನಿಮಿಷದಲ್ಲಿ ಇಲ್ಲಿಗೆ ಮುಟ್ಟುತ್ತದೆ. ಹಸಿ ಕೋಳಿ ಇಟ್ಟಿದ್ದ ತಟ್ಟೆಗೇ ಹುರಿದದ್ದನ್ನು ಹಾಕಬೇಡಿ, ಸೌಟೂ ಬೇರೆಯಿರಲಿ.

ಕಂತಿನಲ್ಲಿ ಹುರಿಯುವಷ್ಟು ಪುರುಸೊತ್ತಿಲ್ಲದಿದ್ದರೆ

ಇನ್ನೊಂದು ದಾರಿಯಿದೆ, ಐದಾರು ಜನರ ಮನೆಗೆ ಬಹಳ ಅನುಕೂಲ. ಎರಡು ಲೀಟರ್ ನೀರು ಕುದಿಸಿ ಒಂದು ಚಮಚ ಎಣ್ಣೆ ಹಾಕಿ, ಕಲಸಿಟ್ಟ ಅರ್ಧ ಕಿಲೋ ಕೋಳಿಯನ್ನು ಬಿಡಿಬಿಡಿಯಾಗಿ ಇಳಿಸಿ, 40–60 ಸೆಕೆಂಡಿನಲ್ಲಿ ಹೊರಗೆ ಬೆಳ್ಳಗಾದ ಕೂಡಲೇ ಜರಡಿಗೆ ಬಸಿದು ಚೆನ್ನಾಗಿ ನೀರು ಇಳಿಸಿ. ಹೋಟೆಲುಗಳಲ್ಲಿ ಇದೇ ಕೆಲಸವನ್ನು ಹದ ಬಿಸಿಯ ಎಣ್ಣೆಯಲ್ಲಿ ಮಾಡುತ್ತಾರೆ. ಮಾಂಸ ಬಹಳ ಮೆತ್ತಗೆ ಬರುತ್ತದೆ, ಬಿಡಬೇಕಾದ ನೀರನ್ನು ಪಾತ್ರೆಯಲ್ಲೇ ಬಿಟ್ಟಿರುತ್ತದೆ, ಬಾಣಲೆಯಲ್ಲಿ ಸಾಸಿನೊಂದಿಗೆ ಒಂದೂವರೆ ನಿಮಿಷ ಸಾಕು. ನಷ್ಟವೆಂದರೆ ಹುರಿದ ಘಮ ಕಡಿಮೆ. ಒಂದು ನಿಮಿಷ ದಾಟಿ ನೀರಿನಲ್ಲಿ ಬಿಟ್ಟರೆ ಹಳೆಯ ರಬ್ಬರೇ ವಾಪಸ್ ಬರುತ್ತದೆ. ಬಾಣಲೆಯಲ್ಲಿ ಅದು ಪೂರ್ತಿ ಬೆಂದಿತೇ ಎಂದು ಸೀಳಿ ನೋಡುವುದನ್ನೂ ಬಿಡಬೇಡಿ.

ನೀವು ಹೋಲಿಸಿ ನೋಡುತ್ತಿರುವುದು ಪೇಟೆಯ ಚಿಲ್ಲಿ ಚಿಕನ್ ಜೊತೆ ಆಗಿದ್ದರೆ, ಅದು ಬೇರೆಯೇ ಅಡುಗೆ. ಕೋಲ್ಕತ್ತದ ಚೀನೀ ಕುಟುಂಬಗಳ ಕೈಯಲ್ಲಿ ಬೆಳೆದ ಭಾರತೀಯ ಚೀನೀ ಪದ್ಧತಿ ಅದು. ಕೋಳಿಗೆ ಮೈದಾ, ಕಾರ್ನ್‌ಫ್ಲೋರ್ ಹಚ್ಚಿ ಕರಿದು, ಆಮೇಲೆ ದಪ್ಪ ಸಾಸಿನಲ್ಲಿ ಹೊರಳಿಸುತ್ತಾರೆ. ಅದರ ಗರಿಗರಿ ಸ್ಟರ್ ಫ್ರೈಯಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕೆಂಪು ಬಣ್ಣದ ಪುಡಿಯಂತೂ ಬೇಡವೇ ಬೇಡ. ಕರ್ನಾಟಕ ಸರ್ಕಾರ 2024ರಲ್ಲಿ ಗೋಬಿ ಮಂಚೂರಿಗೂ ಆಮೇಲೆ ಕೋಳಿ, ಮೀನಿನ ಕಬಾಬಿಗೂ ಕೃತಕ ಬಣ್ಣ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಶಾಲೆಯ ಡಬ್ಬಿ

ಕಟ್ಟಬಹುದು, ಎರಡು ಷರತ್ತಿನ ಮೇಲೆ. ಬೇಯಿಸಿದ ಕೋಳಿಯನ್ನೂ ಅನ್ನವನ್ನೂ ಬೆಚ್ಚಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ಅನ್ನದಲ್ಲಿ ಬೇಯಿಸಿದರೂ ಸಾಯದ, ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ, ಉಗುರುಬೆಚ್ಚಗೆ ಇಟ್ಟರೆ ಬೆಳೆದು ವಾಂತಿ ತರಿಸುವ ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಸಾಧಾರಣ ಸ್ಟೀಲ್ ಡಬ್ಬಿಗೆ ಹಾಕಿ ಒಂದಕ್ಕೆ ಉಣ್ಣುವುದಾದರೆ ಕೋಳಿ ಬೇಡ. ಶಾಖ ಹಿಡಿಯುವ ಅಗಲ ಬಾಯಿಯ ಫ್ಲಾಸ್ಕ್ ಇದ್ದರೆ ಅದಕ್ಕೆ ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಒಲೆಯಿಂದ ನೇರವಾಗಿ ಹೊಗೆಯಾಡುವ ಸ್ಟರ್ ಫ್ರೈಯನ್ನು ಬಾಯಿಮಟ್ಟ ತುಂಬಿ ಮುಚ್ಚಿ. ಊಟದ ಹೊತ್ತಿಗೆ 60 ಡಿಗ್ರಿಗಿಂತ ಮೇಲಿರಬೇಕು. ಒಂದು ರಜೆಯ ದಿನ ಅಷ್ಟೇ ಗಂಟೆ ಮುಚ್ಚಿಟ್ಟು, ತೆರೆದು ಥರ್ಮಾಮೀಟರಿನಲ್ಲಿ ನೋಡಿಬಿಡಿ. ಅಷ್ಟು ಬಿಸಿ ನಿಲ್ಲದ ಫ್ಲಾಸ್ಕ್ ಆದರೆ ಡಬ್ಬಿಗೆ ಬೇರೆ ಏನಾದರೂ ಕಟ್ಟಿ. ಹೋಳು ಮಾಡಿ ಕಲಸುವ ಕೆಲಸ ಹಿಂದಿನ ರಾತ್ರಿಯೇ ಮುಗಿಸಬೇಕೆಂದರೆ ಸೋಡದ ತೊಳೆತ ಮುಗಿಸಿ, ಸೋಯಾ ಬಿಟ್ಟು ಬರೀ ಕಾರ್ನ್‌ಫ್ಲೋರ್, ನೀರು, ಎಣ್ಣೆಯಲ್ಲಿ ಕಲಸಿ ಫ್ರಿಜ್‌ಗೆ ಹಾಕಿ. ಸೋಯಾ ಬೆಳಿಗ್ಗೆ ಸೇರಿಸಿದರೆ ಸಾಕು.